ಜೋರಾದ ಗುದ್ದಿಗೂ ಕೊಳಕು ಗುದ್ದಿಗೂ ಏನು ವ್ಯತ್ಯಾಸ?

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗ ಹತ್ತನೇ ಗ್ರೇಡ್, ಶಾಲೆಯ ಜೂನಿಯರ್ ವಾರ್ಸಿಟಿ (ಎರಡನೇ ಹಂತದ) ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ಸೇಫ್ಟಿ, ಅಂದರೆ ರಕ್ಷಣೆಯ ಕೊನೆಯ ಸಾಲಿನಲ್ಲಿ, ಆಡುತ್ತಾನೆ. ಕಳೆದ ತಿಂಗಳ ಒಂದು ಪಂದ್ಯದಲ್ಲಿ, ಚೆಂಡು ಹಿಡಿಯಲು ಕೈ ಮೇಲೆ ಚಾಚಿದ್ದ ಎದುರು ತಂಡದ ಹುಡುಗನಿಗೆ ಓಡಿಬಂದು ಭುಜದಿಂದ ಗುದ್ದಿದ. ಚೆಂಡು ಆಗಲೇ ಅವನ ಕೈ ಮೀರಿ ಹೋಗಿತ್ತು. ಫೌಲ್ ಎಂದು ಅಂಪೈರ್‌ನ ಹಳದಿ ಫ್ಲ್ಯಾಗ್ ಬಿತ್ತು, 15 ಯಾರ್ಡ್ ದಂಡ. ಆ ಕಡೆಯ ಗ್ಯಾಲರಿಯಿಂದ ಯಾರೋ 'ಡರ್ಟಿ ಪ್ಲೇಯರ್' ಎಂದು ಕೂಗಿದರು. ಮನೆ ಮುಟ್ಟುವವರೆಗೂ ಮಗ ತುಟಿ ಬಿಚ್ಚಲಿಲ್ಲ. ಆಮೇಲೆ, 'ಟಿವಿಯಲ್ಲಿ ಇದರ ಎರಡರಷ್ಟು ಜೋರಾಗಿ ಹೊಡೀತಾರೆ, ಅವರನ್ನ ಹೊಗಳ್ತಾರೆ' ಅಂದ. ಕ್ರಿಕೆಟ್ ನೋಡಿಕೊಂಡು ಬೆಳೆದ ನನಗೆ ಏನು ಹೇಳಬೇಕೋ ತೋಚಲಿಲ್ಲ. ಈ ಆಟದಲ್ಲಿ ಹೊಡೆಯುವುದೇ ಕೆಲಸ ಅಂದಮೇಲೆ ಕೊಳಕು ಹೊಡೆತ ಅನ್ನುವುದು ಯಾವುದು?

ಉತ್ತರ: ನಿಮ್ಮ ಮಗ ಹೇಳಿದ್ದರಲ್ಲಿ ಅರ್ಧ ನಿಜ. ಟಿವಿಯಲ್ಲಿ ಇನ್ನೂ ಜೋರಾಗಿ ಹೊಡೆಯುತ್ತಾರೆ, ಹೊಗಳುವುದೂ ಹೌದು. ಇಪ್ಪತ್ತು ವರ್ಷದ ಹಿಂದೆ ವಾರದ ಭಾರೀ ಗುದ್ದುಗಳನ್ನೆಲ್ಲ ಒಟ್ಟುಹಾಕಿ, ಸ್ಟುಡಿಯೋದಲ್ಲಿ ಕೂತ ಮಾಜಿ ಆಟಗಾರರು ಕೇಕೆ ಹಾಕುತ್ತ ತೋರಿಸುವ ವಿಭಾಗವೇ ಇತ್ತು. ಅದರಲ್ಲಿ ಮೆರೆದ ಎಷ್ಟೋ ಗುದ್ದುಗಳಿಗೆ ಇವತ್ತು ಫ್ಲ್ಯಾಗ್ ಬೀಳುತ್ತದೆ, ದಂಡದ ಪತ್ರ ಮನೆಗೆ ಬರುತ್ತದೆ.

ನಾನು ಹದಿನಾಲ್ಕು ಸೀಸನ್‌ಗಳಿಂದ ಶುಕ್ರವಾರ ಸಂಜೆ ಹೈಸ್ಕೂಲ್ ಪಂದ್ಯಗಳಲ್ಲಿ ಬ್ಯಾಕ್ ಜಡ್ಜ್ ಆಗಿ ನಿಲ್ಲುತ್ತೇನೆ. ವಾರದ ಉಳಿದ ದಿನ ಹೊಟ್ಟೆಪಾಡಿಗೆ ಕಂಪ್ಯೂಟರ್ ಕೆಲಸ. ಬ್ಯಾಕ್ ಜಡ್ಜ್ ಅಂದರೆ ರಕ್ಷಣೆಯವರಿಗೂ ಹಿಂದೆ, ಎಲ್ಲರಿಗಿಂತ ದೂರದಲ್ಲಿ ನಿಲ್ಲುವವನು. ನಿಮ್ಮ ಮಗ ಆಡುವ ಜಾಗದ ಬೆನ್ನಿಗೇ ನಾನಿರುತ್ತೇನೆ ಅಂತಿಟ್ಟುಕೊಳ್ಳಿ. ನೀವು ವರ್ಣಿಸಿದಂಥ ಗುದ್ದಿಗೆ ಫ್ಲ್ಯಾಗ್ ಎಸೆಯುವವನು ಸಾಮಾನ್ಯವಾಗಿ ನಾನೇ.

ಗುದ್ದು ಎಷ್ಟು ಜೋರಾಗಿತ್ತು, ಬಿದ್ದವನಿಗೆ ಎಷ್ಟು ಪೆಟ್ಟಾಯಿತು ಎಂದು ಅಳೆಯಲು ಹೋದರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಗ್ಯಾಲರಿಯಲ್ಲಿ ಕೂತವರು ಮಾಡುವುದು ಅದನ್ನೇ. 2023ರ ಜನವರಿ 2ರ ರಾತ್ರಿ ಸಿನ್ಸಿನಾಟಿಯಲ್ಲಿ ಬಫಲೋ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್ ಒಂದು ಮಾಮೂಲಿ ಟ್ಯಾಕಲ್ ಮಾಡಿದ, ಅಂದರೆ ಎದುರಾಳಿಯನ್ನು ಹಿಡಿದು ಕೆಡವಿದ. ಚೆಂಡು ಹಿಡಿದು ಓಡುತ್ತಿದ್ದ ಟೀ ಹಿಗಿನ್ಸ್‌ನ ಭುಜ ಹ್ಯಾಮ್ಲಿನ್‌ನ ಎದೆಗೆ ತಾಗಿತು, ಇಬ್ಬರೂ ಉರುಳಿದರು. ಹ್ಯಾಮ್ಲಿನ್ ಎದ್ದು ನಿಂತ, ಒಂದೆರಡು ಹೆಜ್ಜೆ ಇಡುವಷ್ಟರಲ್ಲಿ ಅಂಗಾತ ಬಿದ್ದ. ಹೃದಯ ನಿಂತುಹೋಗಿತ್ತು. ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಎದೆಗೆ ಪೆಟ್ಟು ಬಿದ್ದರೆ ಹೀಗಾಗುವುದುಂಟು. ಮೈದಾನದಲ್ಲೇ ಎದೆ ಒತ್ತಿ ಜೀವ ಉಳಿಸಿದರು, ಅದೇ ವರ್ಷ ಆತ ಮತ್ತೆ ಆಟಕ್ಕೂ ಮರಳಿದ. ಅಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ.

ಹಾಗೆಯೇ 1985ರ ನವೆಂಬರ್ 18. ವಾಷಿಂಗ್ಟನ್ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವನು) ಜೋ ಥೈಸ್‌ಮನ್ ಮೇಲೆ ನ್ಯೂಯಾರ್ಕ್ ಜಯಂಟ್ಸ್‌ನ ಲಾರೆನ್ಸ್ ಟೇಲರ್ ಎರಗಿದ. ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಥೈಸ್‌ಮನ್ ಮತ್ತೆಂದೂ ಆಡಲಿಲ್ಲ. ಆ ವಿಡಿಯೋದಲ್ಲಿ ನಾನು ನೋಡಲು ಹೇಳುವುದು ಕಾಲನ್ನಲ್ಲ, ಟೇಲರ್‌ನನ್ನು. ಎದುರಾಳಿಗಳ ಎದೆ ನಡುಗಿಸುತ್ತಿದ್ದ ಆ ಮನುಷ್ಯ ದಡಬಡಿಸಿ ಎದ್ದು, ಎರಡೂ ಕೈ ಬೀಸಿ, ಎದುರು ತಂಡದ ಬೆಂಚಿನ ಕಡೆ ತಿರುಗಿ ಡಾಕ್ಟರನ್ನು ಕರೆಯುತ್ತಾನೆ. ಅದು ನ್ಯಾಯವಾದ ಟ್ಯಾಕಲ್. ಪರಿಣಾಮ ಘೋರ, ಅಷ್ಟೇ.

ಇದರ ತಿರುವುಮುರುವೂ ಇದೆ. ಕ್ವಾರ್ಟರ್‌ಬ್ಯಾಕ್‌ನನ್ನು ಕೆಡವಿದಾಗ ನಿಮ್ಮ ಮೈಭಾರವನ್ನೆಲ್ಲ ಅವನ ಮೇಲೆ ಹಾಕಿ ಬೀಳುವಂತಿಲ್ಲ ಎಂಬುದರ ಮೇಲೆ ಟಿವಿಯಲ್ಲಿ ಬರುವ ವೃತ್ತಿಪರ ಲೀಗ್ ಎನ್‌ಎಫ್‌ಎಲ್ 2018ರಲ್ಲಿ ಬಿಗಿ ಪಟ್ಟು ಹಿಡಿಯಿತು. ಆ ಸೀಸನ್ ಶುರುವಾದ ಮೊದಲ ತಿಂಗಳಲ್ಲೇ ಮಯಾಮಿಯ ವಿಲಿಯಂ ಹೇಯ್ಸ್, ಡೆರೆಕ್ ಕಾರ್‌ನನ್ನು ಕೆಡವುವಾಗ ಅವನ ಮೇಲೆ ಬೀಳಬಾರದೆಂದು ಗಾಳಿಯಲ್ಲೇ ಮೈ ತಿರುಗಿಸಲು ಹೋಗಿ ತನ್ನದೇ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ. ನೂರಿಪ್ಪತ್ತು ಕಿಲೋ ಮನುಷ್ಯ ಬೀಳುವಾಗ ಯಾವ ಕಡೆ ಬೀಳಬೇಕೆಂದು ಯೋಚಿಸಬೇಕು ಅನ್ನುವ ನಿಯಮ ನನಗೆ ಆಗಲೂ ಹಿಡಿಸಿರಲಿಲ್ಲ, ಈಗಲೂ ಅಷ್ಟಕ್ಕಷ್ಟೆ. ಹಾಗೆ ಮೈಮೇಲೆ ಬಿದ್ದು ಫ್ಲ್ಯಾಗ್ ತಿಂದವರನ್ನು ಸಹ ಆಟಗಾರರು ಯಾರೂ ಕೊಳಕರೆಂದು ಕರೆಯಲಿಲ್ಲ.

ಅಂದರೆ ನಿಯಮಬದ್ಧವೋ ಅಲ್ಲವೋ ಅನ್ನುವುದು ಒಂದು ಪ್ರಶ್ನೆ, ಕೊಳಕೋ ಅಲ್ಲವೋ ಅನ್ನುವುದು ಬೇರೆ ಪ್ರಶ್ನೆ. ನಿಮ್ಮ ಮಗನಿಗೆ ಬಿದ್ದ ಫ್ಲ್ಯಾಗ್ ಮೊದಲನೆಯದಕ್ಕೆ ಉತ್ತರ. ಗ್ಯಾಲರಿಯಿಂದ ಕೂಗಿದವರು ಎರಡನೆಯದಕ್ಕೆ ತಾವೇ ತೀರ್ಪು ಕೊಟ್ಟರು.

ಮೊದಲು ನಿಯಮದ ಮಾತು. ಕಬಡ್ಡಿ ನೋಡಿದವರಿಗೆ ಇದರ ತಿರುಳು ಹೊಸದಲ್ಲ. ರೈಡರ್ ಮೇಲೆ ಏಳು ಜನ ಒಟ್ಟಿಗೆ ಬಿದ್ದು ಕೆಡವಬಹುದು. ಆದರೆ ಬಾಯಿ ಮುಚ್ಚಿ ಉಸಿರು ಕಟ್ಟಿಸುವಂತಿಲ್ಲ, ಕಾಲಿನಿಂದ ಕತ್ತರಿ ಹಾಕುವಂತಿಲ್ಲ. ಫುಟ್‌ಬಾಲಿನಲ್ಲೂ ಬಲಕ್ಕೆ ಮಿತಿಯಿಲ್ಲ. ಮಿತಿ ಇರುವುದು ಎಲ್ಲಿಗೆ ಹೊಡೆದೆ, ಯಾವುದರಿಂದ ಹೊಡೆದೆ, ಆ ಕ್ಷಣ ಎದುರಿನವನು ಯಾವ ಸ್ಥಿತಿಯಲ್ಲಿದ್ದ ಅನ್ನುವುದಕ್ಕೆ. ತಲೆ, ಕತ್ತು ಮುಟ್ಟುವಂತಿಲ್ಲ. ಹೆಲ್ಮೆಟ್ಟನ್ನು ಆಯುಧ ಮಾಡುವಂತಿಲ್ಲ. ತನ್ನನ್ನು ತಾನು ಕಾಪಾಡಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದವನಿಗೆ, ನಿಯಮಪುಸ್ತಕದ ಮಾತಿನಲ್ಲಿ 'ಡಿಫೆನ್ಸ್‌ಲೆಸ್' ಆಟಗಾರನಿಗೆ, ವಿಶೇಷ ರಕ್ಷಣೆ ಇದೆ. ಚೆಂಡು ಹಿಡಿಯಲು ಕೈ ಚಾಚಿದವನು, ಚೆಂಡು ಎಸೆಯುತ್ತಿರುವ ಕ್ವಾರ್ಟರ್‌ಬ್ಯಾಕ್, ಆಗಲೇ ನೆಲಕ್ಕೆ ಬಿದ್ದವನು, ಬರುತ್ತಿರುವ ಪೆಟ್ಟನ್ನು ಕಾಣದೆ ಬೇರೆ ಕಡೆ ನೋಡುತ್ತಿರುವವನು, ಇಂಥವರು.

ಹತ್ತಿರದಿಂದ ನೋಡಲು ಒಂದು ಘಟನೆ ತೆಗೆದುಕೊಳ್ಳೋಣ. 2024ರ ಡಿಸೆಂಬರ್ 1, ಜಾಕ್ಸನ್‌ವಿಲ್. ಎರಡನೇ ಕ್ವಾರ್ಟರ್. ಜಾಗ್ವಾರ್ಸ್ ತಂಡದ ಕ್ವಾರ್ಟರ್‌ಬ್ಯಾಕ್ ಟ್ರೆವರ್ ಲಾರೆನ್ಸ್ ಎಸೆಯಲು ಯಾರೂ ಸಿಗದೆ ತಾನೇ ಚೆಂಡು ಹಿಡಿದು ಓಡಿದ. ಹೂಸ್ಟನ್ ಟೆಕ್ಸನ್ಸ್‌ನ ರಕ್ಷಣೆಯ ನಡುಸಾಲಿನ ಆಟಗಾರ (ಲೈನ್‌ಬ್ಯಾಕರ್) ಅಜೀಜ್ ಅಲ್-ಶೈರ್ ಎದುರಿಂದ ಬಂದ. ಲಾರೆನ್ಸ್ ಕಾಲು ಮುಂದೆ ಮಾಡಿ ನೆಲಕ್ಕೆ ಜಾರಿದ. ಹಾಗೆ ಜಾರುವುದೆಂದರೆ 'ನಾನು ಸೋತೆ, ಆಟ ಇಲ್ಲಿಗೆ ನಿಲ್ಲಲಿ' ಎಂದು ಕೈಮುಗಿದಂತೆ. ಅಲ್ಲಿಂದ ಮುಂದೆ ಅವನನ್ನು ಹೊಡೆಯುವಂತಿಲ್ಲ. ಅಲ್-ಶೈರ್ ನಿಲ್ಲಲಿಲ್ಲ. ಮುಂದೋಳು ಲಾರೆನ್ಸ್‌ನ ಹೆಲ್ಮೆಟ್‌ಗೆ ಬಡಿಯಿತು. ಲಾರೆನ್ಸ್ ಬಿದ್ದಲ್ಲೇ ಬಿದ್ದಿದ್ದ, ಕೈಗಳು ಸೆಟೆದುಕೊಂಡಿದ್ದವು. ಮಿದುಳಿಗೆ ಪೆಟ್ಟು ಬಿದ್ದಾಗ ಕಾಣುವ ಲಕ್ಷಣ ಅದು. ಎರಡೂ ತಂಡ ಕೈಕೈ ಮಿಲಾಯಿಸಿದವು. ಅಲ್-ಶೈರ್‌ನನ್ನು ಪಂದ್ಯದಿಂದ ಹೊರಗಟ್ಟಿದರು, ಆಮೇಲೆ ಲೀಗ್ ಸಂಬಳವಿಲ್ಲದೆ ಮೂರು ಪಂದ್ಯ ಅಮಾನತು ಮಾಡಿತು.

ಲಾರೆನ್ಸ್ ತಡವಾಗಿ ಜಾರಿದ ಎಂದು ಅಲ್-ಶೈರ್ ಪರ ಮಾತಾಡಿದವರು ವಾದಿಸಿದರು. ಅದರಲ್ಲಿ ಸ್ವಲ್ಪ ಹುರುಳಿದೆ. ಕ್ವಾರ್ಟರ್‌ಬ್ಯಾಕ್‌ಗಳು ಇನ್ನೊಂದು ಗಜ ಸಿಗಲಿ ಎಂದು ಕಾದು ಕಾದು ಕೊನೆಗಳಿಗೆಯಲ್ಲಿ ಜಾರುತ್ತಾರೆ. ಓಡಿ ಬರುತ್ತಿರುವವನಿಗೆ ಬ್ರೇಕ್ ಹಾಕಲು ಸಮಯವಿರುವುದಿಲ್ಲ. ನಿಯಮ ಬರೆದವರಿಗೂ ಇದು ಗೊತ್ತು. ಆಗಲೇ ನುಗ್ಗಿಬಿಟ್ಟವನು ತಾಗಿದರೆ ತಪ್ಪಲ್ಲ ಎಂದು ವಿನಾಯಿತಿ ಬರೆದಿಟ್ಟಿದ್ದಾರೆ. ಅದರ ಬೆನ್ನಿಗೇ ಒಂದು ಷರತ್ತು: ತಲೆಗೆ, ಕತ್ತಿಗೆ ಹೆಲ್ಮೆಟ್ಟಿನಿಂದಲೋ ಭುಜದಿಂದಲೋ ಮುಂದೋಳಿನಿಂದಲೋ ಬಲವಾಗಿ ಹೊಡೆದರೆ ವಿನಾಯಿತಿ ಇಲ್ಲ. ನಿಲ್ಲಲು ಆಗದಿದ್ದರೂ ಮುಂದೋಳನ್ನು ಮಡಚಿಕೊಳ್ಳಬಹುದಿತ್ತಲ್ಲ ಎಂದು ನಿಯಮ ಕೇಳುತ್ತದೆ. ನಾನೂ ಅದನ್ನೇ ಕೇಳುತ್ತೇನೆ. ನನ್ನ ಮಟ್ಟಿಗೆ ಕೊಳಕಿನ ಅಳತೆ ಇಷ್ಟೆ: ಬೇರೆ ದಾರಿ ಇತ್ತೇ? ಇದ್ದಿದ್ದರೆ, ಕಂಡಿದ್ದರೆ, ಆದರೂ ಈ ದಾರಿಯನ್ನೇ ಹಿಡಿದನೇ?

ತಲೆಯ ವಿಷಯದಲ್ಲಿ ಇಷ್ಟೊಂದು ಬಿಗಿ ಯಾಕೆ ಅನ್ನುವುದನ್ನು ಮಗನಿಗೆ ಬಿಡಿಸಿ ಹೇಳಿ. ಇದು ಎದುರಾಳಿಯ ಮೇಲಿನ ಕರುಣೆ ಮಾತ್ರವಲ್ಲ. ತಲೆ ಎತ್ತಿ ನಿಂತಾಗ ನಮ್ಮ ಕತ್ತಿನ ಮೂಳೆಗಳಿಗೆ ಒಂದು ಬಾಗು ಇರುತ್ತದೆ. ಪೆಟ್ಟು ಬಿದ್ದರೆ ಆ ಬಾಗು ಸ್ಪ್ರಿಂಗಿನಂತೆ ಸ್ವಲ್ಪ ನುಂಗಿಕೊಳ್ಳುತ್ತದೆ, ಸುತ್ತಲಿನ ಸ್ನಾಯುಗಳೂ ಹೊರುತ್ತವೆ. ಗಲ್ಲ ಎದೆಯ ಕಡೆ ಬಾಗಿಸಿ ನೆತ್ತಿಯಿಂದ ನುಗ್ಗಿದರೆ ಆ ಬಾಗು ಹೋಗಿ ಕತ್ತು ನೇರ ಕೋಲಿನಂತಾಗುತ್ತದೆ. ಪೆಟ್ಟಿನ ಬಲ ಪೂರ್ತಿ ಮೂಳೆಗಳ ಮೇಲೆ, ಒಳಗಿನ ನರದ ಮೇಲೆ. ಕತ್ತಿನ ಕೆಳಗೆ ಚಲನೆಯೇ ಹೋಗುವುದು ಹೀಗೆ. ಬಹಳ ಸಲ ಹಾಗಾಗುವುದು ಹೊಡೆಸಿಕೊಂಡವನಿಗಲ್ಲ, ಹೊಡೆದವನಿಗೆ. ಪಿಟ್ಸ್‌ಬರ್ಗ್ ಸ್ಟೀಲರ್ಸ್‌ನ ರಯಾನ್ ಶೇಜಿಯರ್‌ಗೆ 2017ರ ಡಿಸೆಂಬರ್‌ನಲ್ಲಿ ಆದದ್ದು ಇದೇ. ತಲೆ ಬಗ್ಗಿಸಿ ಟ್ಯಾಕಲ್‌ಗೆ ಹೋದ, ಬೆನ್ನುಹುರಿಗೆ ಪೆಟ್ಟಾಯಿತು. ಮತ್ತೆ ನಡೆಯಲು ಕಲಿತ, ಆದರೆ ಆಟ ಅಲ್ಲಿಗೆ ಮುಗಿಯಿತು.

ಹೆಲ್ಮೆಟ್ ಹಾಕಿದ್ದೇ ತಲೆ ಕಾಪಾಡಲಿಕ್ಕೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಮುಂದೆ ಸರಳುಗಳ ಜಾಲರಿ ಬಂದಮೇಲೆ ಆಟಗಾರರಿಗೆ ಧೈರ್ಯ ಬಂತು. ತಲೆಯನ್ನೇ ಟಗರಿನಂತೆ ಮುಂದೆ ಮಾಡಿ ನುಗ್ಗುವ ಚಾಳಿ ಬೆಳೆಯಿತು. 1976ರಲ್ಲಿ ಕಾಲೇಜು ಮತ್ತು ಹೈಸ್ಕೂಲ್ ಆಟದಲ್ಲಿ ಇದನ್ನು ನಿಷೇಧಿಸಿದರು. ಆ ವರ್ಷ ಕತ್ತಿನ ಪೆಟ್ಟಿನಿಂದ ಕೈಕಾಲು ಶಾಶ್ವತವಾಗಿ ಸ್ವಾಧೀನ ತಪ್ಪಿದ 34 ಪ್ರಕರಣ ದಾಖಲಾಗಿದ್ದವು, 1984ರಲ್ಲಿ 5. ನಿಯಮಗಳಿಂದ ಏನಾಗುತ್ತೆ ಎಂದು ಮೂಗು ಮುರಿಯುವ ಕೋಚ್‌ಗಳಿಗೆ ನಾನು ಈ ಎರಡು ಸಂಖ್ಯೆ ಹೇಳಿ ಸುಮ್ಮನಾಗುತ್ತೇನೆ. ಎನ್‌ಎಫ್‌ಎಲ್ 2018ರಲ್ಲಿ ಇನ್ನೂ ಮುಂದೆ ಹೋಗಿ, ತಲೆ ಬಗ್ಗಿಸಿ ಹೆಲ್ಮೆಟ್ಟಿನಿಂದ ಡಿಕ್ಕಿ ಕೊಟ್ಟರೆ ಯಾರಾದರೂ ಸರಿ, ದೇಹದ ಯಾವ ಭಾಗಕ್ಕೆ ತಾಗಿದರೂ ಸರಿ, ಫೌಲ್ ಎಂದಿತು. ಚೆಂಡು ಹಿಡಿದು ಓಡುವವನಿಗೂ ಅದೇ ನಿಯಮ.

ಇನ್ನು ಈ ಗೆರೆ ಒಂದೇ ಜಾಗದಲ್ಲಿ ನಿಂತಿಲ್ಲ ಅನ್ನುವುದು ನಿಮ್ಮ ಮಗನ ಗೊಂದಲಕ್ಕೆ ದೊಡ್ಡ ಕಾರಣ. ಯೂಟ್ಯೂಬಿನಲ್ಲಿ ಆ ಹುಡುಗರು ನೋಡುವುದು ಬೇರೆ ಬೇರೆ ಕಾಲದ ಆಟ, ಬೇರೆ ಬೇರೆ ನಿಯಮದ ಆಟ. 1950ರ ದಶಕದಲ್ಲಿ 'ನೈಟ್ ಟ್ರೇನ್' ಲೇನ್ ಎಂಬಾತ ಓಡುವವರ ಕತ್ತಿಗೇ ತೋಳು ಅಡ್ಡ ಕೊಟ್ಟು ಕೆಡವುತ್ತಿದ್ದ. ಚೆಂಡು ಹಿಡಿದವನ ಮುಖದ ಜಾಲರಿ ಹಿಡಿದು ಎಳೆಯುವುದು 1962ರವರೆಗೆ ತಪ್ಪೇ ಆಗಿರಲಿಲ್ಲ. ಲಾಸ್ ಏಂಜಲೀಸ್ ರಾಮ್ಸ್‌ನ ಡೀಕನ್ ಜೋನ್ಸ್ ಎದುರಿನವನ ಹೆಲ್ಮೆಟ್‌ನ ಕಿವಿಯ ಭಾಗಕ್ಕೆ ಅಂಗೈಯಿಂದ ಛಟೀರನೆ ಬಾರಿಸಿ, ಅವನು ಕಣ್ಣು ಮಿಟುಕಿಸುವಷ್ಟರಲ್ಲಿ ದಾಟಿಹೋಗುತ್ತಿದ್ದ. ಆತ ನಿವೃತ್ತನಾಗಿ ಕೆಲವು ವರ್ಷ ಕಳೆದಮೇಲೆ, 1977ರಲ್ಲಿ, ಅದನ್ನು ನಿಷೇಧಿಸಿದರು. ಇಬ್ಬರೂ ಗೌರವಾನ್ವಿತರ ಸಾಲಿನಲ್ಲಿ, ಹಾಲ್ ಆಫ್ ಫೇಮ್‌ನಲ್ಲಿ ಇದ್ದಾರೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುವ ಹಾಗೆ, ಹೆಚ್ಚಿನ ನಿಯಮಗಳು ಬಂದದ್ದು ಯಾರಿಗೋ ಪೆಟ್ಟಾದ ಮೇಲೆ. 2008ರ ಅಕ್ಟೋಬರ್‌ನಲ್ಲಿ ಹೈನ್ಸ್ ವಾರ್ಡ್ ಪಕ್ಕದಿಂದ ಬಂದು ಕೊಟ್ಟ ಡಿಕ್ಕಿಗೆ ಕೀತ್ ರಿವರ್ಸ್‌ನ ದವಡೆ ಮುರಿಯಿತು, ಫ್ಲ್ಯಾಗ್ ಬೀಳಲಿಲ್ಲ. ಮರುವರ್ಷ ಆ ಬಗೆಯ ಡಿಕ್ಕಿ ನಿಷೇಧವಾಯಿತು. ಅದೇ 2008ರ ಮೊದಲ ಪಂದ್ಯದಲ್ಲಿ ನೆಲಕ್ಕೆ ಬಿದ್ದಿದ್ದ ಬರ್ನಾರ್ಡ್ ಪೊಲಾರ್ಡ್ ಅಲ್ಲಿಂದಲೇ ನುಗ್ಗಿ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಮೊಣಕಾಲಿಗೆ ತಾಗಿದ, ಬ್ರೇಡಿಯ ಇಡೀ ಸೀಸನ್ ಹೋಯಿತು. ಮರುವರ್ಷ ಅದಕ್ಕೂ ತಡೆ. ಓಡುವವನ ಕಾಲರಿಗೆ ಕೈಹಾಕಿ ಹಿಂದಕ್ಕೆ ಎಳೆದು ಬೀಳಿಸುವುದು 2005ರಿಂದ ಇಲ್ಲ. ಹಿಂದಿನಿಂದ ಸೊಂಟ ಹಿಡಿದು, ಮೈ ತಿರುಗಿಸಿ, ತನ್ನ ಭಾರವನ್ನೆಲ್ಲ ಅವನ ಕಾಲಿನ ಮೇಲೆ ಹಾಕಿ ಕುಸಿಯುವ 'ಹಿಪ್ ಡ್ರಾಪ್' 2024ರಿಂದ ಇಲ್ಲ.

ಹಾಗಾದರೆ ನಿಯಮ ಬರುವ ಮೊದಲು ಹೊಡೆದವರೆಲ್ಲ ಶುದ್ಧರೇ? ಇಲ್ಲಿ ನನ್ನ ಅಭಿಪ್ರಾಯ ಹೇಳುತ್ತೇನೆ, ನೀವು ಒಪ್ಪಬೇಕೆಂದೇನಿಲ್ಲ. 1978ರ ಆಗಸ್ಟ್ 12ರಂದು ಓಕ್‌ಲ್ಯಾಂಡ್‌ನಲ್ಲಿ, ಸೀಸನ್ ಶುರುವಾಗುವ ಮುಂಚಿನ ಲೆಕ್ಕಕ್ಕಿಲ್ಲದ ಪಂದ್ಯ ಒಂದರಲ್ಲಿ, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ನ ಡ್ಯಾರಿಲ್ ಸ್ಟಿಂಗ್ಲಿ ಕೈಗೆಟುಕದ ಎಸೆತವೊಂದಕ್ಕೆ ಮುಂದೆ ಬಾಗಿ ಚಾಚಿದ. ರೈಡರ್ಸ್‌ನ ಸೇಫ್ಟಿ ಜ್ಯಾಕ್ ಟೇಟಮ್ ಎದುರಿನಿಂದ ಬಂದು ಗುದ್ದಿದ. ಸ್ಟಿಂಗ್ಲಿಗೆ ಆಗ 26 ವರ್ಷ. ಕತ್ತಿನ ಮೂಳೆ ಮುರಿದು, 2007ರಲ್ಲಿ ತೀರಿಕೊಳ್ಳುವವರೆಗೂ ಗಾಲಿಕುರ್ಚಿಯಲ್ಲೇ ಕಳೆದ. ಫ್ಲ್ಯಾಗ್ ಬೀಳಲಿಲ್ಲ, ಲೀಗ್ ಕ್ರಮ ಕೈಗೊಳ್ಳಲಿಲ್ಲ. ಅಂದಿನ ನಿಯಮದಲ್ಲಿ ಅದು ಸರಿಯಾದ ಗುದ್ದು. ಆಸ್ಪತ್ರೆಗೆ ಹೋಗಿ ಸ್ಟಿಂಗ್ಲಿಯ ಪಕ್ಕದಲ್ಲಿ ಕೂತದ್ದು ರೈಡರ್ಸ್ ಕೋಚ್ ಜಾನ್ ಮ್ಯಾಡನ್. ಟೇಟಮ್ ಮತ್ತು ಸ್ಟಿಂಗ್ಲಿ ಕೊನೆಯವರೆಗೂ ರಾಜಿಯಾಗಲಿಲ್ಲ.

ಟೇಟಮ್ ನಿಯಮ ಮುರಿಯಲಿಲ್ಲ, ನಿಜ. ಆದರೆ ಆ ಚೆಂಡು ಸ್ಟಿಂಗ್ಲಿಗೆ ಸಿಗುವಂತಿರಲಿಲ್ಲ, ಆ ಪಂದ್ಯಕ್ಕೆ ಅಂಕಪಟ್ಟಿಯಲ್ಲಿ ಬೆಲೆಯಿರಲಿಲ್ಲ, ತಡೆಯಲು ಏನೂ ಉಳಿದಿರಲಿಲ್ಲ. ಹೆದರಿಸಲಿಕ್ಕೆಂದೇ ಹೊಡೆಯುವುದು ಆಗಿನ ಸೇಫ್ಟಿಗಳ ಕಸುಬಿನ ಭಾಗ, ಅದನ್ನೇ ಕೋಚ್‌ಗಳು ಕಲಿಸುತ್ತಿದ್ದರು, ಅದಕ್ಕೇ ಸಂಬಳ. ಆ ಒಬ್ಬ ಮನುಷ್ಯನನ್ನು ರಾಕ್ಷಸ ಮಾಡಿ ಇಡೀ ಆಟ ತನ್ನ ಕೈ ತೊಳೆದುಕೊಂಡಿತು ಎಂದೇ ನನಗೆ ಅನಿಸುವುದು. ಆದರೂ ಪ್ರತಿ ಸೀಸನ್ನಿಗೆ ಮೊದಲು ಹೊಸ ಅಂಪೈರ್‌ಗಳ ತರಬೇತಿಯಲ್ಲಿ ಆ ಗುದ್ದಿನ ಮಾತು ಬಂದಾಗ, ನಾನು ಅದನ್ನು ಸರಿ ಅನ್ನಲಾರೆ.

ನಿಯಮ ಬಿಗಿಯಾದಷ್ಟೂ ಹೊಸ ಪೇಚು ಹುಟ್ಟುತ್ತದೆ. 2010ರ ಅಕ್ಟೋಬರ್‌ನ ಒಂದೇ ಭಾನುವಾರ ತಲೆಗೆ ಬಿದ್ದ ಗುದ್ದುಗಳ ಸರಮಾಲೆಯಾಯಿತು. ಲೀಗ್ ಸಿಟ್ಟಿಗೆದ್ದು ಸ್ಟೀಲರ್ಸ್‌ನ ಜೇಮ್ಸ್ ಹ್ಯಾರಿಸನ್‌ಗೆ 75,000 ಡಾಲರ್, ಇನ್ನಿಬ್ಬರಿಗೆ ತಲಾ 50,000 ಡಾಲರ್ ದಂಡ ಹಾಕಿತು. ತಲೆ ಬಿಟ್ಟು ಕೆಳಗೆ ಹೊಡೆಯಿರಿ ಅಂದಾಯಿತು. ಹೊಡೆದರು. 2013ರ ಡಿಸೆಂಬರ್‌ನಲ್ಲಿ ಕ್ಲೀವ್‌ಲ್ಯಾಂಡ್‌ನ ಸೇಫ್ಟಿ ಟಿ. ಜೆ. ವಾರ್ಡ್, ತನಗಿಂತ ಅಡಿ ಎತ್ತರದಂತೆ ಕಾಣುವ ರಾಬ್ ಗ್ರಾಂಕೌಸ್ಕಿಯ ಮೊಣಕಾಲಿಗೆ ನುಗ್ಗಿದ. ಲಿಗಮೆಂಟ್ ಹರಿಯಿತು, ಸೀಸನ್ ಮುಗಿಯಿತು. ಪೂರ್ತಿ ನಿಯಮಬದ್ಧ. ಮೇಲೆ ಹೊಡೆದರೆ ದಂಡ ಕಟ್ಟಬೇಕು, ನಿಯಮವೇ ನಮ್ಮನ್ನು ಕೆಳಗೆ ಕಳಿಸುತ್ತಿದೆ ಎಂದು ವಾರ್ಡ್ ತನ್ನ ಕಷ್ಟ ಹೇಳಿಕೊಂಡ. ತಮಾಷೆಯೆಂದರೆ, ಎಷ್ಟೋ ಆಟಗಾರರು ತಲೆಗಿಂತ ಮೊಣಕಾಲಿಗೇ ಹೆಚ್ಚು ಹೆದರುತ್ತಾರೆ. ತಲೆ ಸುತ್ತಿದರೆ ಎರಡು ವಾರಕ್ಕೆ ಆಡಬಹುದು, ಮೊಣಕಾಲು ಹೋದರೆ ಕೆಲಸ ಹೋಯಿತು ಅನ್ನುವ ಲೆಕ್ಕ. ಅದು ತಪ್ಪು ಲೆಕ್ಕ, ಆದರೆ ಇಪ್ಪತ್ತೈದರ ಹುಡುಗರು ಹಾಕುವುದು ಅದನ್ನೇ.

ತಲೆಯ ಮಾತು ಬಂದದ್ದಕ್ಕೆ ಇನ್ನೊಂದು. 1960ರಲ್ಲಿ ಚಕ್ ಬೆಡ್ನರಿಕ್ ಗುದ್ದಿಗೆ ಪ್ರಜ್ಞೆ ತಪ್ಪಿದ ಫ್ರಾಂಕ್ ಗಿಫರ್ಡ್ ಮುಂದಿನ ಇಡೀ ಸೀಸನ್ ಆಡಲಿಲ್ಲ. 2015ರಲ್ಲಿ ಅವರು ತೀರಿಕೊಂಡ ಮೇಲೆ ಮಿದುಳು ಪರೀಕ್ಷಿಸಿದಾಗ ಸಿಟಿಇ ಕಂಡುಬಂತು. ಮತ್ತೆ ಮತ್ತೆ ಪೆಟ್ಟು ತಿಂದ ಮಿದುಳಿಗೆ ಬರುವ ಕಾಯಿಲೆ ಅದು. ಜನ ಆ ಒಂದು ಗುದ್ದನ್ನೇ ನೆನೆಯುತ್ತಾರೆ. ಆದರೆ ಈ ಕಾಯಿಲೆ ಬರುವುದು ಒಂದು ಗುದ್ದಿನಿಂದಲ್ಲ. ವರ್ಷಗಟ್ಟಲೆ ಬಿದ್ದ ಸಾವಿರಾರು ಸಣ್ಣಪುಟ್ಟ ಡಿಕ್ಕಿಗಳ ಮೊತ್ತದಿಂದ, ಅದರಲ್ಲಿ ಮುಕ್ಕಾಲುಪಾಲು ನಿಯಮಬದ್ಧವೇ. ಹಾಗಾಗಿ 'ನಿಯಮದ ಪ್ರಕಾರ ಸರಿ' ಎಂದಾಗ 'ಅಪಾಯವಿಲ್ಲ' ಎಂದು ನೀವು ಕೇಳಿಸಿಕೊಳ್ಳಬೇಡಿ.

ಅಪ್ಪಟ ಕೊಳಕು ಯಾವುದೆಂದು ಕೇಳಿದರೆ, ಅದರಲ್ಲಿ ಗೊಂದಲವೇ ಇಲ್ಲ. 2006ರಲ್ಲಿ ಟೆನೆಸಿಯ ಆಲ್ಬರ್ಟ್ ಹೇನ್ಸ್‌ವರ್ತ್, ಹೆಲ್ಮೆಟ್ ಕಳಚಿ ನೆಲದಲ್ಲಿ ಬಿದ್ದಿದ್ದ ಆಂಡ್ರೆ ಗುರೋಡ್‌ನ ಮುಖವನ್ನು ಮೊಳೆಯ ಬೂಟಿನಿಂದ ತುಳಿದ. ಐದು ಪಂದ್ಯ ಅಮಾನತು. 1986ರಲ್ಲಿ ಗ್ರೀನ್ ಬೇಯ ಚಾರ್ಲ್ಸ್ ಮಾರ್ಟಿನ್, ಚೆಂಡು ಎಸೆದು ಮುಗಿಸಿ ಸುಮ್ಮನೆ ನಿಂತಿದ್ದ ಶಿಕಾಗೋ ಕ್ವಾರ್ಟರ್‌ಬ್ಯಾಕ್ ಜಿಮ್ ಮೆಕ್‌ಮಹನ್‌ನನ್ನು ಹಿಂದಿನಿಂದ ಎತ್ತಿ ನೆಲಕ್ಕೆ ಕುಕ್ಕಿದ. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಟವೆಲ್ ಮೇಲೆ ಎದುರು ತಂಡದ ಕೆಲವರ ಜರ್ಸಿ ನಂಬರ್ ಬರೆದುಕೊಂಡಿದ್ದ, ಮೆಕ್‌ಮಹನ್‌ನದೂ ಅದರಲ್ಲಿತ್ತು. ಎರಡು ಪಂದ್ಯ ಅಮಾನತು. ಎರಡೂ ಆ ಸರದಿಯ ಆಟ ಮುಗಿದ ಮೇಲೆ, ಚೆಂಡಿಗೆ ಸಂಬಂಧವಿಲ್ಲದೆ, ಗಾಯ ಮಾಡಲಿಕ್ಕೆಂದೇ ಮಾಡಿದ್ದು. ವೊಂಟೇಜ್ ಬರ್ಫಿಕ್ಟ್‌ನ ಕಥೆ ಬೇರೆ: ಅವನ ಗುದ್ದುಗಳಲ್ಲಿ ಒಂದೊಂದನ್ನೇ ತೆಗೆದುಕೊಂಡರೆ ವಾದ ಮಾಡಬಹುದಿತ್ತು. ಆದರೆ ವರ್ಷ ವರ್ಷವೂ ಅದೇ ಬಗೆಯದು ಬಂದಾಗ 2019ರಲ್ಲಿ ಲೀಗ್ ತಾಳ್ಮೆಗೆಟ್ಟು ಉಳಿದ 12 ಪಂದ್ಯಗಳಿಗೂ ಹೊರಗಿಟ್ಟಿತು. ಆತ ಮತ್ತೆ ಆಡಲಿಲ್ಲ.

ಎಲ್ಲಕ್ಕಿಂತ ಹೇಸಿಗೆ ಬೇಲಿಯೇ ಎದ್ದು ಹೊಲ ಮೇಯ್ದದ್ದು. 2009ರಿಂದ 2011ರವರೆಗೆ ನ್ಯೂ ಆರ್ಲಿಯನ್ಸ್ ಸೇಂಟ್ಸ್ ತಂಡದ ರಕ್ಷಣೆಯವರ ನಡುವೆ ಒಂದು ಹುಂಡಿ ನಡೆಯುತ್ತಿತ್ತು ಎಂದು ಲೀಗ್ 2012ರಲ್ಲಿ ಬಯಲು ಮಾಡಿತು. ಎದುರಾಳಿಯನ್ನು ಗಾಡಿಯಲ್ಲಿ ಹೊತ್ತು ಹೊರಗೆ ಕರೆದೊಯ್ಯುವಂತೆ ಮಾಡಿದರೆ 1,000 ಡಾಲರ್, ಅವನು ಮತ್ತೆ ಆಟಕ್ಕೆ ಬಾರದಂತೆ ಮಾಡಿದರೆ 1,500. ನಡೆಸುತ್ತಿದ್ದವರು ರಕ್ಷಣಾ ವಿಭಾಗದ ಕೋಚ್ ಗ್ರೆಗ್ ವಿಲಿಯಮ್ಸ್. ಅವರನ್ನು ಅನಿರ್ದಿಷ್ಟ ಅವಧಿಗೆ, ಮುಖ್ಯ ಕೋಚ್ ಶಾನ್ ಪೇಟನ್‌ರನ್ನು 2012ರ ಇಡೀ ಸೀಸನ್‌ಗೆ ಹೊರಗಿಟ್ಟರು. ತಂಡಕ್ಕೆ 5,00,000 ಡಾಲರ್ ದಂಡ. ನಾಲ್ವರು ಆಟಗಾರರಿಗೆ ಕೊಟ್ಟ ಶಿಕ್ಷೆಯನ್ನು ಮೇಲ್ಮನವಿಯಲ್ಲಿ ಮಾಜಿ ಕಮಿಷನರ್ ಪಾಲ್ ಟ್ಯಾಗ್ಲಿಯಾಬ್ಯೂ ರದ್ದು ಮಾಡಿದರು. ಮಾಡಿದ್ದು ಸರಿ ಎಂದಲ್ಲ. ತಪ್ಪಿನ ಹೊರೆ ಹೆಚ್ಚಾಗಿ ಕೋಚ್‌ಗಳದ್ದು ಎಂದು. ಈ ಮಾತನ್ನು ನಿಮ್ಮಂಥ ಪೋಷಕರು ಗಮನಿಸಬೇಕು. ಹದಿನೈದರ ಹುಡುಗ ಹೇಗೆ ಹೊಡೆಯುತ್ತಾನೆ ಅನ್ನುವುದು ಬಹುಮಟ್ಟಿಗೆ ಅವನಿಗೆ ಕಲಿಸಿದವರ ಕೈಯಲ್ಲಿದೆ.

ಮೈದಾನದಲ್ಲಿ ನಾವು ಅಂಪೈರ್‌ಗಳು ಉದ್ದೇಶ ಅಳೆಯುವುದಿಲ್ಲ, ಅಳೆಯಲು ಆಗುವುದೂ ಇಲ್ಲ. ಕಣ್ಣಿಗೆ ಬೀಳುವುದು ಕೃತ್ಯ ಮಾತ್ರ. ಒಂದು ಶುಕ್ರವಾರದ ಎರಡು ಫ್ಲ್ಯಾಗ್‌ಗಳನ್ನು ನಾನು ಮರೆತಿಲ್ಲ. ಮೊದಲನೆಯದು ಎದುರು ತಂಡ ಒದ್ದು ಕಳಿಸಿದ ಚೆಂಡನ್ನು (ಪಂಟ್) ಹಿಡಿದು ಒಬ್ಬ ಓಡುತ್ತಿದ್ದಾಗ. ಓಡುವವನ ಬೆನ್ನಟ್ಟಿದ್ದ ಹುಡುಗನೊಬ್ಬ ಅವನನ್ನೇ ನೋಡುತ್ತ ಬರುತ್ತಿದ್ದ. ಪಕ್ಕದಿಂದ ಓಡುವವನ ತಂಡದ ಇನ್ನೊಬ್ಬ ಬಂದು ಭುಜ ಕೊಟ್ಟ. ಬಾಗಿಲು ದಢಾರನೆ ಹಾಕಿಕೊಂಡಂಥ ಸದ್ದು. ಗ್ಯಾಲರಿ ಎದ್ದು ನಿಂತು ಕೂಗಿತು. ಬಿದ್ದವನ ಮೌತ್‌ಗಾರ್ಡ್ ನನ್ನ ಬೂಟಿನ ಹತ್ತಿರ ಹುಲ್ಲಿನಲ್ಲಿತ್ತು. ಫ್ಲ್ಯಾಗ್ ಎಸೆದೆ, ಅವರು ಗಳಿಸಿದ ಅಂಕ (ಟಚ್‌ಡೌನ್) ರದ್ದಾಯಿತು, ಕೋಚ್ ನನ್ನ ಮೇಲೆ ಹರಿಹಾಯ್ದರು. ಹೊಡೆದ ಹುಡುಗ ಬಂದು, 'ಸರ್, ನಾನು ಎದೆಗೇ ಹೊಡೆದದ್ದು, ತಲೆ ಮುಟ್ಟಿಲ್ಲ' ಅಂದ. ನಿಜವೇ. ಆದರೆ ಕಾಣದವನನ್ನು ತಡೆಯುವಾಗ ಹೈಸ್ಕೂಲ್ ನಿಯಮದಲ್ಲಿ ಕೈ ತೆರೆದು ತಳ್ಳಬಹುದು, ಭುಜ ಕೊಟ್ಟು ಗುದ್ದುವಂತಿಲ್ಲ. ಹಾಗೆಂದು ಹೇಳಿದೆ. ತಲೆಯಾಡಿಸಿ ಹೋದ. ಅವನು ಕೊಳಕು ಹುಡುಗನಲ್ಲ, ನಿಯಮ ತಿಳಿಯದ ಹುಡುಗ.

ಎರಡನೆಯದು ನಾಲ್ಕನೇ ಕ್ವಾರ್ಟರ್‌ನಲ್ಲಿ. ಹತ್ತು ಹನ್ನೆರಡು ಜನ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಸೀಟಿ ಊದಿ ಆಗಿತ್ತು, ಒಬ್ಬೊಬ್ಬರಾಗಿ ಏಳುತ್ತಿದ್ದರು. ಅದರಲ್ಲೊಬ್ಬ ಏಳುವಾಗ, ಕೆಳಗೆ ಚಾಚಿಕೊಂಡಿದ್ದ ಕೈಯನ್ನು ಒಮ್ಮೆ ನೋಡಿದ, ಕಾಲನ್ನು ಅರ್ಧ ಹೆಜ್ಜೆ ಪಕ್ಕಕ್ಕೆ ಸರಿಸಿ, ಬೆರಳುಗಳ ಮೇಲೆ ಬೂಟು ಊರಿ ಎದ್ದ. ಸದ್ದಿಲ್ಲ, ಗ್ಯಾಲರಿಗೆ ಕಾಣಲಿಲ್ಲ, ಅವನ ಕೋಚ್‌ಗೂ ಕಾಣಲಿಲ್ಲ. ನಾನು ಆ ಕಡೆ ತಿರುಗಿದ್ದು ಅದೃಷ್ಟ. ಬಿಳಿ ಟೋಪಿಯ ರೆಫರಿಗೆ ಹೇಳಿದೆ, ಅವನನ್ನು ಪಂದ್ಯದಿಂದ ಹೊರಗೆ ಕಳಿಸಿದೆವು. ಜನ ನನ್ನನ್ನು ಬೈದದ್ದು ಎರಡು ಸಲವೂ ಒಂದೇ ಥರ.

ಈಗ ನಿಮ್ಮ ಮಗನ ವಿಷಯ. ನೀವು ಬರೆದಷ್ಟರಿಂದ ಹೇಳುವುದಾದರೆ ಫ್ಲ್ಯಾಗ್ ಸರಿ. ಕೈ ಮೇಲೆ ಚಾಚಿದವನು ರಕ್ಷಣೆಯಿಲ್ಲದವನು. ಚೆಂಡು ಹಿಡಿಯಲೆಂದು ಹೋಗಿ ತಾಗಿದ್ದರೆ, ತೆರೆದ ಕೈಯಿಂದ ತಳ್ಳಿದ್ದರೆ, ತೋಳು ಸುತ್ತಿ ಹಿಡಿಯಲು ನೋಡಿದ್ದರೆ ನನ್ನಂಥವನು ಫ್ಲ್ಯಾಗ್ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದ. ಬರೀ ಭುಜ ಕೊಟ್ಟದ್ದರಿಂದ ಬಿತ್ತು. ಇನ್ನು ಕೊಳಕೇ ಅಂದರೆ, ಅದಕ್ಕೆ ಉತ್ತರ ವಿಡಿಯೋದಲ್ಲಿದೆ, ಗ್ಯಾಲರಿಯಲ್ಲಿಲ್ಲ. ಈಗ ಹೆಚ್ಚಿನ ಶಾಲೆಗಳ ತಂಡಗಳು ಪಂದ್ಯದ ವಿಡಿಯೋವನ್ನು ಹಡಲ್ ಎಂಬ ಜಾಲತಾಣದಲ್ಲಿ ಹಾಕುತ್ತವೆ. ಮಗನ ಜೊತೆ ಕೂತು ತಾಗುವ ಮುಂಚಿನ ಎರಡು ಹೆಜ್ಜೆಯಲ್ಲಿ ನಿಲ್ಲಿಸಿ. ಚೆಂಡು ಆಗಲೇ ದಾಟಿದ್ದು ಅವನಿಗೆ ಕಾಣುವಂತಿತ್ತೇ? ಕಂಡಮೇಲೆ ವೇಗ ತಗ್ಗಿಸಿದನೇ, ಹೆಚ್ಚಿಸಿದನೇ? ನೀವು ಏನೂ ಹೇಳಬೇಡಿ, ಅವನೇ ಹೇಳಲಿ. ಎರಡು ಹೆಜ್ಜೆಯಲ್ಲಿ ನಿಲ್ಲುವುದು ಆ ವಯಸ್ಸಿನ ಹುಡುಗರಿಗೆ ಸುಲಭವಲ್ಲ. ನನ್ನ ಅನುಭವದಲ್ಲಿ ಇಂಥ ಹತ್ತರಲ್ಲಿ ಎಂಟು ಒಂಬತ್ತು ಬರೀ ತಡವಾದ ಗುದ್ದುಗಳು.

ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಈ ವಾರ ಅವನ ಹೆಲ್ಮೆಟ್ ಮನೆಗೆ ತಂದಾಗ ಬೆಳಕಿಗೆ ಹಿಡಿದು ನೋಡಿ. ಎದುರು ತಂಡದ ಹೆಲ್ಮೆಟ್‌ಗಳ ಬಣ್ಣ ಅದರ ಮೇಲೆ ಗೀರುಗೀರಾಗಿ ಅಂಟಿರುತ್ತದೆ. ಗೀರುಗಳು ಹಣೆಯ ಭಾಗದಲ್ಲಿ, ಜಾಲರಿಯ ಮೇಲಂಚಿನಲ್ಲಿದ್ದರೆ ಅವನು ತಲೆ ಎತ್ತಿ, ಕಣ್ಣು ತೆರೆದು ಹೋಗುತ್ತಿದ್ದಾನೆ ಎಂದರ್ಥ. ನಡುನೆತ್ತಿಯಲ್ಲಿದ್ದರೆ ಸೋಮವಾರದ ಪ್ರಾಕ್ಟೀಸಿಗೆ ನೀವೇ ಜೊತೆಗೆ ಹೋಗಿ, ಹೆಲ್ಮೆಟ್ಟನ್ನು ಕೋಚ್ ಕೈಗೆ ಕೊಟ್ಟು ತೋರಿಸಿ.